ಶರಣಸಂಗವೂ ಅಂತರ್ಜಾಲದ ಸಭೆಯೂ

ಶರಣಧರ್ಮದಲ್ಲಿ ಸಂಗಕ್ಕೆ ಇರುವ ಸ್ಥಾನವು ಬಹು ದೊಡ್ಡದು. ಲಿಂಗವನ್ನು ಅಂಗೈಯಲ್ಲಿ ಹಿಡಿದು ಏಕಾಂತದಲ್ಲಿ ಪೂಜಿಸುವ ಅಧಿಕಾರವನ್ನು ಪ್ರತಿಯೊಬ್ಬ ಭಕ್ತನಿಗೂ ಅನುಗ್ರಹಿಸಿದ ಈ ಧರ್ಮವು, ಆ ಏಕಾಂತವೊಂದರಿಂದಲೇ ಸಾಧನೆಯು ಪೂರ್ಣವಾಗುವುದೆಂದು ಎಲ್ಲಿಯೂ ಹೇಳಲಿಲ್ಲ. ಪೂಜೆಯಲ್ಲಿ ಕಂಡುದನ್ನು ಗೋಷ್ಠಿಯಲ್ಲಿ ಒರೆಗೆ ಹಚ್ಚಿ ನೋಡಬೇಕು. ಗೋಷ್ಠಿಯಲ್ಲಿ ತಿಳಿದುದನ್ನು ಮನೆಯ ನಡೆಯಲ್ಲಿ ತರಬೇಕು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅನುಭವಮಂಟಪವು ಹುಟ್ಟಿದುದು ಈ ಅಗತ್ಯದಿಂದಲೇ.

ಈಚಿನ ವರ್ಷಗಳಲ್ಲಿ ಭಕ್ತಸಮುದಾಯದ ಮುಂದೆ ಒಂದು ಹೊಸ ಪ್ರಶ್ನೆಯು ಬಂದು ನಿಂತಿದೆ. ೨೦೨೦ನೆಯ ಇಸವಿಯ ಮಾರ್ಚ್ ೨೫ರಿಂದ ದೇಶದಲ್ಲೆಲ್ಲ ಜನಸಂಚಾರವು ನಿಂತಾಗ ಮಠಗಳ ಸಭಾಮಂಟಪಗಳೂ ಬಾಗಿಲು ಹಾಕಬೇಕಾಯಿತು. ಆ ವರ್ಷ ಏಪ್ರಿಲ್ ೨೬ರಂದು ಬಂದ ಬಸವ ಜಯಂತಿಯನ್ನು ಭಕ್ತರು ತಮ್ಮ ತಮ್ಮ ಮನೆಗಳಲ್ಲಿಯೇ ಆಚರಿಸಿದರು. ಮರುವರ್ಷದ ಮೇ ೧೪ರ ಜಯಂತಿಯೂ ಹಾಗೆಯೇ ಕಳೆಯಿತು. ಆ ಕಷ್ಟಕಾಲದಲ್ಲಿ ಮೊಬೈಲಿನ ಪರದೆಯ ಮೇಲೆ ಕೂಡುವ ಸಭೆಗಳು, ಜನರು ‘ಆನ್‌ಲೈನ್’ ಎಂದು ಕರೆಯುವ ಕೂಟಗಳು, ಪ್ರವಚನಕ್ಕೂ ವಚನಪಠಣಕ್ಕೂ ಆಸರೆಯಾದುವು. ರೋಗಭಯವು ಕಳೆದು ಮಂಟಪಗಳು ತೆರೆದ ಮೇಲೂ ಆ ರೂಢಿಯು ಉಳಿದುಕೊಂಡಿದೆ. ‘ಮನೆಯಲ್ಲಿ ಕುಳಿತೇ ಪ್ರವಚನವನ್ನು ಕೇಳಬಹುದಾಗಿರುವಾಗ ಮಠದವರೆಗೆ ಹೋಗುವ ಶ್ರಮವೇಕೆ? ದೂರದ ಸಭೆಯು ಎದುರುಬದುರಿನ ಸಂಗಕ್ಕೆ ಸಮನಾಗಲಾರದೇಕೆ?’ ಎಂದು ಕೇಳುವ ಗೃಹಸ್ಥರಿದ್ದಾರೆ.

ಈ ಪ್ರಶ್ನೆಯನ್ನು ಹಗುರವಾಗಿ ಎಣಿಸತಕ್ಕುದಲ್ಲ. ಕೇಳುವವರಲ್ಲಿ ಮೈಗಳ್ಳರೂ ಇರಬಹುದು. ಆದರೆ ಹಾಸಿಗೆ ಹಿಡಿದ ವೃದ್ಧರೂ, ರೋಗಿಯ ಬಳಿಯಿಂದ ಕದಲಲಾರದವರೂ, ಹೊರನಾಡುಗಳಲ್ಲಿ ನೆಲೆಸಿದವರೂ ಅವರೊಡನೆ ಇದ್ದಾರೆ. ಆದುದರಿಂದ ಒಂದೇ ಮಾತಿನಲ್ಲಿ ‘ಸಲ್ಲದು’ ಎಂದಾಗಲಿ ‘ಸಾಕು’ ಎಂದಾಗಲಿ ಹೇಳಿಬಿಡುವುದು ನ್ಯಾಯವಲ್ಲ. ಶರಣರ ನಡೆಯೇನು, ಷಟ್‌ಸ್ಥಲ ತತ್ತ್ವವು ಈ ವಿಷಯದಲ್ಲಿ ಏನನ್ನು ಬೋಧಿಸುತ್ತದೆ ಎಂಬುದನ್ನು ಕ್ರಮವಾಗಿ ವಿಚಾರಿಸುವುದು ಯುಕ್ತ.

೧. ಕಲ್ಯಾಣಕ್ಕೆ ನಡೆದು ಬಂದವರು

ಅಕ್ಕಮಹಾದೇವಿಯವರು ಉಡುತಡಿಯಿಂದ ಬಂದರು. ಸಿದ್ಧರಾಮರು ಸೊನ್ನಲಿಗೆಯಿಂದ, ಎಂದರೆ ಇಂದಿನ ಸೊಲ್ಲಾಪುರದಿಂದ, ತಾವು ಕಟ್ಟಿಸುತ್ತಿದ್ದ ಕೆರೆ ಗುಡಿಗಳನ್ನು ಬಿಟ್ಟು ಪ್ರಭುದೇವರೊಡನೆ ಹೊರಟರು. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸುತನವನ್ನು ತೊರೆದು ಬಂದು ಕಟ್ಟಿಗೆಯ ಹೊರೆ ಮಾರುವ ಕಾಯಕವನ್ನು ಕೈಕೊಂಡರೆಂದು ಸಂಪ್ರದಾಯವು ಹೇಳುತ್ತದೆ. ವಚನಗಳು ಓಲೆಗರಿಯ ಮೇಲೆ ಬರೆಯಲ್ಪಡುತ್ತಿದ್ದ ಕಾಲವದು. ತಮ್ಮ ತಮ್ಮ ಊರುಗಳಲ್ಲಿಯೇ ಇದ್ದು ಅವುಗಳನ್ನು ತರಿಸಿ ಓದಿಕೊಳ್ಳಬಹುದಾಗಿತ್ತು. ಆದರೂ ಅವರು ನಡೆದು ಬಂದರು. ಬಂದುದು ಕೇವಲ ಮಾತು ಕೇಳುವುದಕ್ಕಾಗಿ ಅಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ತಮ್ಮನ್ನು ತಾವು ಪರೀಕ್ಷೆಗೆ ಒಪ್ಪಿಸಿಕೊಳ್ಳುವುದಕ್ಕಾಗಿ ಅವರು ಬಂದರು.

ಶೂನ್ಯಸಂಪಾದನೆಯಲ್ಲಿ ಬರುವ ಒಂದು ಪ್ರಸಂಗವು ಈ ವಿಷಯಕ್ಕೆ ಕನ್ನಡಿಯಂತಿದೆ. ಪ್ರಭುದೇವರು ಸಿದ್ಧರಾಮರೊಡನೆ ಕಲ್ಯಾಣಕ್ಕೆ ಬಂದು ಬಸವಣ್ಣನವರ ಮಹಾಮನೆಯ ಬಾಗಿಲಲ್ಲಿ ನಿಂತರು. ಆಗ ಬಸವಣ್ಣನವರು ಲಿಂಗಪೂಜೆಯಲ್ಲಿ ನಿರತರಾಗಿದ್ದರು. ಒಳಗೆ ಬಿಜಯಂಗೈಯಬೇಕೆಂಬ ಬಿನ್ನಹವು ಹಡಪದ ಅಪ್ಪಣ್ಣನವರ ಮುಖಾಂತರ ಬಂದಿತು. ಪ್ರಭುದೇವರು ಅದನ್ನು ಒಪ್ಪಲಿಲ್ಲ. ಲಿಂಗಕ್ಕೂ ಜಂಗಮಕ್ಕೂ ಭೇದವಿಲ್ಲವೆಂಬುದನ್ನು ಚೆನ್ನಬಸವಣ್ಣನವರು ಎತ್ತಿ ಹೇಳಿದ ಮೇಲೆ ಬಸವಣ್ಣನವರು ತಾವೇ ಎದ್ದು ಬಂದು ಪ್ರಭುವಿನ ಪಾದಕ್ಕೆರಗಿದರು.

ಇಲ್ಲಿ ಗಮನಿಸತಕ್ಕ ಸಂಗತಿಯೇನು? ಬಸವಣ್ಣನವರ ಭಕ್ತಿಯಲ್ಲಿ ಕೊರತೆಯಿರಲಿಲ್ಲ. ಅಪ್ಪಣ್ಣನವರು ತಂದ ಮಾತಿನಲ್ಲಿ ವಿನಯಕ್ಕೂ ಕೊರತೆಯಿರಲಿಲ್ಲ. ಆ ಮಾತು ಒಂದಕ್ಷರವೂ ಮಾರ್ಪಡದೆ ಬಾಗಿಲಿಗೆ ತಲಪಿತು. ಆದರೂ ಅದು ಸಾಲಲಿಲ್ಲ. ಬಾಗಿಲಿಗೆ ಬಂದ ಜಂಗಮನಿಗೆ ಭಕ್ತನು ಕೊಡಬೇಕಾದುದು ಮಾತನ್ನಲ್ಲ, ತನ್ನನ್ನು. ಮಾತು ತಲಪಿದ ಮಾತ್ರಕ್ಕೆ ಮನುಷ್ಯನು ತಲಪಿದಂತಾಗುವುದಿಲ್ಲವೆಂಬ ಪಾಠವನ್ನು ಇದಕ್ಕಿಂತ ತಿಳಿಯಾಗಿ ಹೇಳುವುದು ಕಷ್ಟ.

ಅದೇ ಗ್ರಂಥದಲ್ಲಿ ಮರುಳಶಂಕರದೇವರ ಪ್ರಸಂಗವೂ ಇದೆ. ಆ ಶರಣರು ಬಸವಣ್ಣನವರ ಮಹಾಮನೆಯ ಪ್ರಸಾದಕುಂಡದ ಬಳಿಯಲ್ಲಿ ಹನ್ನೆರಡು ವರ್ಷಗಳ ಕಾಲ ಇದ್ದರು. ಅವರು ಮಾತನಾಡಲಿಲ್ಲ, ತಾವಾರೆಂದು ಹೇಳಿಕೊಳ್ಳಲಿಲ್ಲ. ಮಹಾಮನೆಯವರು ಅವರನ್ನು ಗುರುತಿಸಲಿಲ್ಲ. ಪ್ರಭುದೇವರು ಅಲ್ಲಿಗೆ ಬಂದಾಗ ಅವರ ಕಣ್ಣಿಗೆ ಆ ಮಹಾತ್ಮರು ಬಿದ್ದರು. ಸಭೆಯಲ್ಲಿ ದನಿಯೆತ್ತದವನನ್ನು ಕಾಣಬೇಕಾದರೆ ಕಾಣುವವನು ಆ ಜಾಗಕ್ಕೆ ಹೋಗಬೇಕು. ಪರದೆಯ ಸಭೆಯಲ್ಲಾದರೋ ಮಾತನಾಡಿದವನ ಮುಖವು ಮುಂದೆ ಬರುತ್ತದೆ. ಸುಮ್ಮನಿದ್ದವನು ಒಂದು ಹೆಸರಾಗಿ ಮಾತ್ರ ಉಳಿಯುತ್ತಾನೆ.

೨. ಷಡ್ವಿಧಲಿಂಗ ತತ್ತ್ವದ ಬೆಳಕಿನಲ್ಲಿ

ದೂರದ ಸಭೆಯು ಭಕ್ತನಿಗೆ ಎಷ್ಟನ್ನು ಕೊಡುತ್ತದೆ, ಎಷ್ಟನ್ನು ಕೊಡಲಾರದು ಎಂಬುದನ್ನು ಅಳೆಯುವುದಕ್ಕೆ ವೀರಶೈವ ಶಾಸ್ತ್ರದಲ್ಲಿಯೇ ಒಂದು ಅಳತೆಗೋಲುಂಟು. ಇಷ್ಟಲಿಂಗ, ಪ್ರಾಣಲಿಂಗ, ಭಾವಲಿಂಗಗಳೆಂಬ ಮೂರು ಲಿಂಗಗಳು ಆರಾಗಿ ವಿಸ್ತರಿಸಿ ಭಕ್ತನ ಆರು ಇಂದ್ರಿಯಗಳಲ್ಲಿ ನೆಲೆಗೊಂಡಿರುತ್ತವೆ. ಆಚಾರಲಿಂಗಕ್ಕೆ ಮೂಗು, ಗುರುಲಿಂಗಕ್ಕೆ ನಾಲಗೆ, ಶಿವಲಿಂಗಕ್ಕೆ ಕಣ್ಣು, ಜಂಗಮಲಿಂಗಕ್ಕೆ ಚರ್ಮ, ಪ್ರಸಾದಲಿಂಗಕ್ಕೆ ಕಿವಿ, ಮಹಾಲಿಂಗಕ್ಕೆ ಹೃದಯ. ಭಕ್ತನು ಗಂಧ, ರುಚಿ, ರೂಪು, ಸ್ಪರ್ಶ, ಶಬ್ದ, ತೃಪ್ತಿಗಳನ್ನು ಆಯಾ ಲಿಂಗಮುಖಕ್ಕೆ ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸುತ್ತಾನೆ. ಇಂದ್ರಿಯಗಳನ್ನು ಕೊಲ್ಲಬೇಕೆಂದು ಹೇಳದೆ ಅವುಗಳನ್ನೇ ಲಿಂಗಮುಖಗಳನ್ನಾಗಿ ಮಾಡಿದುದು ಈ ತತ್ತ್ವದ ಹಿರಿಮೆ.

ಈ ಗೋಲಿನಿಂದ ಅಳೆದು ನೋಡಿದರೆ, ಪರದೆಯ ಸಭೆಯು ಆರು ಮುಖಗಳಲ್ಲಿ ಕಣ್ಣು ಕಿವಿಗಳೆಂಬ ಎರಡಕ್ಕೆ ಮಾತ್ರ ಸಲ್ಲುತ್ತದೆ. ವಿಭೂತಿಯ, ಧೂಪದ, ಬಿಲ್ವಪತ್ರೆಯ ಗಂಧವು ಅಲ್ಲಿಂದ ಬರುವುದಿಲ್ಲ. ಪ್ರಸಾದದ ರುಚಿಯು ಬರುವುದಿಲ್ಲ. ಗುರುಹಸ್ತವು ತಲೆಯ ಮೇಲೆ ಇಳಿಯುವುದಿಲ್ಲ. ಸ್ಪರ್ಶದ ಮುಖವನ್ನು ನಮ್ಮ ಹಿರಿಯರು ಜಂಗಮಲಿಂಗವೆಂದು ಕರೆದಿರುವುದು ಅರ್ಥಪೂರ್ಣವಾಗಿದೆ. ದೂರದ ಸಭೆಯಲ್ಲಿ ಮೊದಲು ಮರೆಯಾಗುವುದು ಆ ಜಂಗಮಮುಖವೇ. ಇನ್ನು ಆಚಾರಲಿಂಗವು ಷಟ್‌ಸ್ಥಲದ ಮೊದಲನೆಯ ಮೆಟ್ಟಿಲಾದ ಭಕ್ತಸ್ಥಲಕ್ಕೆ ಸಂಬಂಧಿಸಿದುದು. ಪೃಥ್ವಿಯು ಅದರ ತತ್ತ್ವ. ನೆಲದ ಮೇಲೆ ಕಾಲೂರಿ ನಿಂತು ಮಾಡಬೇಕಾದ ಆಚಾರದಿಂದಲೇ ಗೃಹಸ್ಥನ ಸಾಧನೆಯು ಆರಂಭವಾಗುತ್ತದೆಂಬುದನ್ನು ಮರೆಯಲಾಗದು.

ಕಣ್ಣು ಕಿವಿಗಳಿಗೆ ಸಲ್ಲುವುದೂ ಪೂರ್ಣವಾಗಿ ಸಲ್ಲುತ್ತದೆಯೆ? ಮೊಬೈಲಿನಲ್ಲಿ ಮುಖವು ಕಾಣುವ ಜಾಗ ಬೇರೆ, ಚಿತ್ರ ಹಿಡಿಯುವ ಕ್ಯಾಮರಾದ ಕಣ್ಣು ಬೇರೆ. ಪರದೆಯ ಮೇಲಿನ ಮುಖವನ್ನು ನೋಡುವವನ ನೋಟವು ಎದುರಿನವನ ಕಣ್ಣಿಗೆ ಕೂಡುವುದಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದರೂ ದೃಷ್ಟಿಗೆ ದೃಷ್ಟಿ ಸೇರುವುದಿಲ್ಲ. ಕಿವಿಯ ಮಾತೂ ಹೀಗೆಯೇ. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು ೩೪೦ ಮೀಟರು ಚಲಿಸುತ್ತದೆ. ಸಭಾಮಂಟಪದಲ್ಲಿ ೧೦ ಮೀಟರು ದೂರ ಕುಳಿತವನ ದನಿಯು ಸೆಕೆಂಡಿನ ಮೂವತ್ತರಲ್ಲೊಂದು ಪಾಲಿಗಿಂತ ಮುಂಚೆಯೇ ಕಿವಿಗೆ ಬೀಳುವುದರಿಂದ ನೂರು ಜನರ ವಚನಗಾಯನವು ಒಂದೇ ಕೊರಳಾಗಿ ಹೊರಡುತ್ತದೆ. ಅಂತರ್ಜಾಲದಲ್ಲಿ ದನಿಯು ತಲಪುವುದಕ್ಕೆ ಅನೇಕ ವೇಳೆ ಸೆಕೆಂಡಿನ ಹತ್ತನೆಯ ಒಂದು ಪಾಲೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆ. ಅಷ್ಟು ತಡವಾದರೆ ತಾಳವು ಕೂಡದು. ಆದಕಾರಣ ದೂರದ ಸಭೆಗಳಲ್ಲಿ ಒಬ್ಬನು ಹಾಡುವಾಗ ಉಳಿದವರೆಲ್ಲರೂ ತಮ್ಮ ದನಿಯನ್ನು ಮುಚ್ಚಿಕೊಂಡು ತಮ್ಮ ತಮ್ಮ ಮನೆಗಳಲ್ಲಿ ಒಂಟಿಯಾಗಿ ಹಾಡಿಕೊಳ್ಳುತ್ತಾರೆ. ಹಾಡುವುದೇನೋ ಆಗುತ್ತದೆ, ಪಕ್ಕದವನ ದನಿಯೊಳಗೆ ತನ್ನ ದನಿಯು ಕರಗುವ ಸುಖವು ಆಗುವುದಿಲ್ಲ.

ದೀಕ್ಷೆಯ ವಿಷಯವು ಇನ್ನೂ ಸ್ಪಷ್ಟವಾದುದು. ವೇಧಾದೀಕ್ಷೆಯಲ್ಲಿ ಗುರುವು ಶಿಷ್ಯನ ಮಸ್ತಕದ ಮೇಲೆ ಹಸ್ತವನ್ನಿಡುತ್ತಾನೆ; ಮಂತ್ರದೀಕ್ಷೆಯಲ್ಲಿ ಕಿವಿಯಲ್ಲಿ ಷಡಕ್ಷರಮಂತ್ರವನ್ನು ಉಪದೇಶಿಸುತ್ತಾನೆ; ಕ್ರಿಯಾದೀಕ್ಷೆಯಲ್ಲಿ ಇಷ್ಟಲಿಂಗವನ್ನು ಕರಸ್ಥಲದಲ್ಲಿ ಇಡುತ್ತಾನೆ. ಕಾರಣ, ಸೂಕ್ಷ್ಮ, ಸ್ಥೂಲಗಳೆಂಬ ಮೂರು ತನುಗಳ ಶುದ್ಧಿಗಾಗಿ ಈ ಮೂರು ದೀಕ್ಷೆಗಳು ವಿಧಿಸಲ್ಪಟ್ಟಿವೆ. ಕೈಯಿಂದ ಕೈಗೆ ಬರಬೇಕಾದುದನ್ನು ಯಾವ ಯಂತ್ರವೂ ತರಲಾರದು.

೩. ದಾಸೋಹವೂ ಸಮಾನತೆಯೂ

ಅಂತರ್ಜಾಲದ ಸಭೆಯನ್ನು ಹೊಗಳುವವರು ಒಂದು ಮಾತನ್ನು ಹೇಳುವುದುಂಟು: ‘ಅಲ್ಲಿ ಹಿಂದಿನ ಸಾಲು ಮುಂದಿನ ಸಾಲು ಎಂಬುದಿಲ್ಲ, ಬಡವನಿಗೂ ಬಲ್ಲಿದನಿಗೂ ಒಂದೇ ಅಳತೆಯ ಚೌಕ.’ ಮಾತು ನಿಜ. ಆದರೆ ಆ ಸಮಾನತೆಗಾಗಿ ಅಲ್ಲಿ ಕುಳಿತವರು ಏನನ್ನು ತೆತ್ತರು? ಪ್ರತಿಯೊಬ್ಬನೂ ತನ್ನ ಮನೆಯಲ್ಲಿ, ತನ್ನ ಕುರ್ಚಿಯ ಮೇಲೆ, ತನ್ನವರ ನಡುವೆಯೇ ಇದ್ದಾನೆ. ಪರದೆಯನ್ನು ಮುಚ್ಚಿದೊಡನೆ ಆ ಚೌಕಗಳೂ ಆ ಸಮಾನತೆಯೂ ಮಾಯವಾಗುತ್ತವೆ.

ಅನುಭವಮಂಟಪದ ಸಮಾನತೆಯು ಇಷ್ಟು ಅಗ್ಗವಾದುದಾಗಿರಲಿಲ್ಲ. ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯನವರು, ದೋಣಿ ನಡೆಸುವ ಅಂಬಿಗರ ಚೌಡಯ್ಯನವರು, ಹಗ್ಗ ಹೊಸೆಯುವ ನುಲಿಯ ಚಂದಯ್ಯನವರು, ಚರ್ಮದ ಕೆಲಸದ ಡೋಹರ ಕಕ್ಕಯ್ಯನವರು ಮಂತ್ರಿಗಳಾದ ಬಸವಣ್ಣನವರೊಡನೆ ಒಂದೇ ನೆಲದ ಮೇಲೆ ಕುಳಿತರು. ಒಂದೇ ಪಂಕ್ತಿಯಲ್ಲಿ ಪ್ರಸಾದವನ್ನು ಸ್ವೀಕರಿಸಿದರು. ಮುಟ್ಟಬಾರದೆಂದು ಸಮಾಜವು ವಿಧಿಸಿದ್ದವರನ್ನು ಮುಟ್ಟಿ, ಉಣ್ಣಬಾರದೆಂದಿದ್ದವರೊಡನೆ ಉಂಡು, ಆ ವಿಧಿಯನ್ನು ಮುರಿದರು. ಹರಳಯ್ಯನವರ ಮನೆಗೂ ಮಧುವರಸರ ಮನೆಗೂ ಬೆಳೆದ ನೆಂಟಸ್ತಿಕೆಗಾಗಿ ಶರಣರು ಪ್ರಾಣವನ್ನೇ ತೆತ್ತರು. ದೂರದಲ್ಲಿದ್ದುಕೊಂಡು ‘ಎಲ್ಲರೂ ಸಮಾನರು’ ಎಂದು ನುಡಿದಿದ್ದರೆ ಯಾರೂ ಅವರನ್ನು ಶಿಕ್ಷಿಸುತ್ತಿರಲಿಲ್ಲ. ಯಾವ ಕಟ್ಟೂ ಸಡಿಲುತ್ತಿರಲಿಲ್ಲ. ಇಂದಿಗೂ ಗೃಹಸ್ಥನ ಮನಸ್ಸಿನಲ್ಲಿ ಅಡಗಿರುವ ಭೇದಭಾವವು ಹೊರಬೀಳುವುದೂ ಕಳೆಯುವುದೂ ದಾಸೋಹದ ಸಾಲಿನಲ್ಲಿ, ಪಕ್ಕದ ಎಲೆಗೆ ಬಡಿಸುವ ಹೊತ್ತಿನಲ್ಲಿ.

ಸಂಗದಿಂದ ಆಗುವ ಇನ್ನೊಂದು ಉಪಕಾರವನ್ನು ಒಂದು ಸಂದರ್ಭವನ್ನು ಭಾವಿಸಿಕೊಂಡು ತಿಳಿಯಬಹುದು. ಒಂದು ಊರಿನ ಮಠದಲ್ಲಿ ಪ್ರತಿ ಸೋಮವಾರ ಸಂಜೆ ಶಿವಾನುಭವ ಗೋಷ್ಠಿ ನಡೆಯುತ್ತಿತ್ತೆನ್ನಿ. ಒಬ್ಬಂಟಿಯಾದ ಒಬ್ಬ ಮುದುಕಿ ದಿನವೂ ಒಂದೇ ಕಂಬಕ್ಕೆ ಒರಗಿ ಕುಳಿತು ಕೇಳುತ್ತಿದ್ದಳು. ಅವಳು ಬಾರದ ಸೋಮವಾರ ಕಂಬದ ಬಳಿಯ ಜಾಗವು ಬರಿದಾಗಿ ಕಾಣುತ್ತಿತ್ತು. ಹೂ ಕಟ್ಟುವ ತಾಯಿಯೊಬ್ಬಳು ‘ಅಜ್ಜಿ ಯಾಕವ್ವಾ ಬರಲಿಲ್ಲ?’ ಎಂದು ಮನೆಗೆ ಹೋಗಿ ವಿಚಾರಿಸಿ, ಜ್ವರವಿದ್ದರೆ ಗಂಜಿ ಕಾಯಿಸಿಕೊಟ್ಟು ಬರುತ್ತಿದ್ದಳು. ಗೋಷ್ಠಿಯು ಪರದೆಗೆ ಹೋದ ಮೇಲೆ ಅಜ್ಜಿಯ ಮೊಮ್ಮಗನು ಮೊಬೈಲನ್ನು ಹಚ್ಚಿಕೊಟ್ಟು ಹೋಗುತ್ತಾನೆ. ಅವಳ ಹೆಸರು ಸಭೆಯಲ್ಲಿ ಕೊನೆಯವರೆಗೂ ಕಾಣುತ್ತದೆ. ಅವಳು ಕೇಳುತ್ತಿದ್ದಾಳೆಯೋ, ನಿದ್ರಿಸಿದ್ದಾಳೆಯೋ, ಜ್ವರದಿಂದ ನರಳುತ್ತಿದ್ದಾಳೆಯೋ ಯಾರೂ ಅರಿಯರು. ಬರಿದಾದ ಜಾಗವು ಕಾಣುವುದು ಸಂಗದ ಒಂದು ದೊಡ್ಡ ಗುಣ. ಅದು ಕಾಣದಾದಾಗ ಪ್ರವಚನವು ತಪ್ಪದೆ ನಡೆಯುತ್ತಿದ್ದರೂ ಸಮುದಾಯವು ಒಳಗೊಳಗೇ ಬಿಚ್ಚಿಹೋಗುತ್ತದೆ.

೪. ಆಕ್ಷೇಪಗಳೂ ಸಮಾಧಾನವೂ

ಇಷ್ಟು ಹೇಳಿದ ಮೇಲೂ ಕೆಲವು ಆಕ್ಷೇಪಗಳು ಉಳಿಯುತ್ತವೆ.

‘ಶರಣರು ದೇವರನ್ನು ಸ್ಥಳಕ್ಕೆ ಕಟ್ಟಿಹಾಕಲಿಲ್ಲ, ದೇಹವನ್ನೇ ದೇಗುಲವೆಂದರು. ಹೀಗಿರಲು ಮಂಟಪವೆಂಬ ಸ್ಥಳದ ಹಟವೇಕೆ?’ ಎಂಬುದು ಮೊದಲನೆಯದು. ದೇವರು ಒಂದು ಸ್ಥಳದಲ್ಲಿ ಮಾತ್ರ ಇದ್ದಾನೆಂಬ ಭ್ರಮೆಯನ್ನು ಶರಣರು ಕಳೆದರೆಂಬುದು ಸತ್ಯ. ಆದರೆ ದೇಹವು ದೇಗುಲವಾದ ಪಕ್ಷದಲ್ಲಿ, ಇನ್ನೊಬ್ಬ ಶರಣನ ದರ್ಶನವೆಂದರೆ ಇನ್ನೊಂದು ದೇಗುಲದ ದರ್ಶನವೇ ಆಗುತ್ತದೆ. ಇಷ್ಟಲಿಂಗವು ಸ್ಥಾವರದ ಬಂಧನವನ್ನು ಬಿಡಿಸಿದುದು ಭಕ್ತನು ಮನೆಯಲ್ಲಿಯೇ ಕೂಡಲೆಂದಲ್ಲ, ಎಲ್ಲಿಗಾದರೂ ನಡೆಯಬಲ್ಲವನಾಗಲೆಂದು. ಜಂಗಮವೆಂಬ ಪದದ ಅರ್ಥವೇ ಚಲಿಸುವುದು.

‘ಗ್ರಂಥ, ಪತ್ರಿಕೆಗಳೂ ದೂರದಿಂದಲೇ ಬೋಧಿಸುತ್ತವೆಯಲ್ಲ?’ ಎಂಬುದು ಎರಡನೆಯದು. ಬೋಧಿಸುತ್ತವೆ; ಅದು ದೊಡ್ಡ ಉಪಕಾರ. ಫ. ಗು. ಹಳಕಟ್ಟಿಯವರು ಮನೆಮನೆಗಳಲ್ಲಿದ್ದ ಓಲೆಗರಿಗಳನ್ನು ಅರಸಿ ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದು, ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸದೆ ಇದ್ದಿದ್ದರೆ ಇಂದಿನ ಭಕ್ತನ ಮನೆಯಲ್ಲಿ ವಚನಗಳು ಇಷ್ಟು ಸುಲಭವಾಗಿ ದೊರೆಯುತ್ತಿರಲಿಲ್ಲ. ಆದರೆ ಅಚ್ಚಾದ ಪುಸ್ತಕವು ಗೋಷ್ಠಿಯ ಜಾಗವನ್ನು ಬೇಡಲಿಲ್ಲ. ಗೋಷ್ಠಿಗೆ ಓದುವ ವಸ್ತುವನ್ನು ಒದಗಿಸಿತು. ಅಂತರ್ಜಾಲವೂ ಹೀಗೆಯೇ ಸಂಗಕ್ಕೆ ಸೇವಕನಾಗಿ ನಿಂತರೆ ಅದರಿಂದ ಲಾಭವೇ ಹೊರತು ನಷ್ಟವಿಲ್ಲ.

‘ಕಾಯಕವನ್ನು ಬಿಟ್ಟು ಗೋಷ್ಠಿಗೆ ಓಡುವುದು ಸರಿಯೆ?’ ಎಂಬುದು ಮೂರನೆಯದು. ಇದಕ್ಕೆ ಉತ್ತರವು ಆಯ್ದಕ್ಕಿ ಮಾರಯ್ಯನವರ ಚರಿತ್ರೆಯಲ್ಲಿದೆ. ಅನುಭಾವದ ಮಾತಿನಲ್ಲಿ ಮೈಮರೆತು ಕಾಯಕದ ಹೊತ್ತು ಮೀರಿದಾಗ, ಕಾಯಕವು ನಿಂತಿದೆಯೆಂದು ಅವರನ್ನು ಎಚ್ಚರಿಸಿದವರು ಅವರ ಧರ್ಮಪತ್ನಿಯಾದ ಲಕ್ಕಮ್ಮನವರು. ಆದುದರಿಂದ ಗೋಷ್ಠಿಯ ಹೆಸರಿನಲ್ಲಿ ಕಾಯಕವನ್ನು ಕೆಡಿಸಬೇಕೆಂದು ಯಾರೂ ಹೇಳಲಾರರು. ರಾತ್ರಿ ಪಾಳಿಯ ಕೆಲಸಗಾರನು, ಹಸುಗೂಸಿನ ತಾಯಿ, ಅತ್ತೆಮಾವಂದಿರ ಶುಶ್ರೂಷೆಯಲ್ಲಿರುವ ಸೊಸೆ ಮನೆಯಿಂದಲೇ ಪ್ರವಚನವನ್ನು ಕೇಳಿದರೆ ಅದು ಲೋಪವಲ್ಲ. ಅವರ ಸೇವೆಯೇ ಅವರ ಸಂಗಕ್ಕೆ ಕಾವಲಾಗಿ ನಿಲ್ಲುತ್ತದೆ.

ಹೊರನಾಡಿನ ಭಕ್ತರ ಸ್ಥಿತಿಯನ್ನೂ ಇಲ್ಲಿಯೇ ನೆನೆಯಬೇಕು. ನಮ್ಮಲ್ಲಿ ಸಂಜೆ ಏಳು ಗಂಟೆಯಾದಾಗ ನ್ಯೂಯಾರ್ಕಿನಲ್ಲಿ ಬೆಳಗಿನ ಎಂಟೂವರೆ ಅಥವಾ ಒಂಬತ್ತೂವರೆ. ನಮ್ಮ ಸಾಯಂಪೂಜೆಯ ವೇಳೆಗೆ ಅಲ್ಲಿಯ ಮಗನು ಸ್ನಾನ ಮಾಡಿ ವಿಭೂತಿ ಧರಿಸಿ ತಾಯಿಯೊಡನೆ ಒಂದು ವಚನವನ್ನು ಹೇಳಬಲ್ಲನಾದರೆ, ಆ ಸಾಧನವನ್ನು ಹಳಿಯುವುದು ಕೃತಘ್ನತೆಯಾಗುತ್ತದೆ. ಆದರೆ ಆ ಭಕ್ತರೇ ಅಲ್ಲಿಯೂ ಒಂದೆಡೆ ಕೂಡುವುದನ್ನು ಬಿಟ್ಟಿಲ್ಲವೆಂಬುದನ್ನು ಗಮನಿಸಬೇಕು. ಉತ್ತರ ಅಮೆರಿಕದ ವೀರಶೈವ ಸಮಾಜದವರು ದೂರದೂರದ ಊರುಗಳಿಂದ ಬಂದು ಸಮಾವೇಶಗಳಲ್ಲಿ ಸೇರುತ್ತಾರೆ. ಲಂಡನ್ ನಗರದ ಥೇಮ್ಸ್ ನದಿಯ ದಂಡೆಯಲ್ಲಿ ೨೦೧೫ನೆಯ ನವೆಂಬರ್ ೧೪ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯ ಬಳಿಗೂ ಭಕ್ತರು ಹೋಗಿ ಕೂಡುತ್ತಾರೆ. ದೂರವನ್ನು ಬಲ್ಲವರೇ ಸಮೀಪದ ಬೆಲೆಯನ್ನು ಹೆಚ್ಚಾಗಿ ಬಲ್ಲರು. ಮಠಕ್ಕೆ ಹತ್ತು ನಿಮಿಷದ ದಾರಿಯಲ್ಲಿದ್ದೂ ಪರದೆಯ ಮುಂದೆ ಕೂಡುವವರು ಇದನ್ನು ಆಲೋಚಿಸತಕ್ಕುದು.

೫. ಗೃಹಸ್ಥರು ಅನುಸರಿಸತಕ್ಕ ಕ್ರಮ

ಈ ವಿಚಾರದಿಂದ ಹೊರಡುವ ನಿರ್ಣಯವಿಷ್ಟು: ಅಂತರ್ಜಾಲದ ಸಭೆಯು ಶ್ರವಣಕ್ಕೆ ಸಾಧನವಾಗಬಲ್ಲುದು, ಸಂಗಕ್ಕೆ ಸಹಾಯಕವಾಗಬಲ್ಲುದು, ಸಂಗವೇ ಆಗಲಾರದು. ಬರಲಾರದವನಿಗೆ ಅದು ಊರುಗೋಲು. ನಡೆಯಬಲ್ಲವನು ಊರುಗೋಲನ್ನೇ ನಂಬಿದರೆ ಅವನ ಕಾಲು ಬಲಗುಂದುತ್ತದೆ. ಇದನ್ನು ಆಚರಣೆಗೆ ತರುವ ಬಗೆ ಹೀಗೆ:

ಒಂದು, ದೂರದಿಂದ ಕೇಳುವವರು ಸಭೆಗೆ ಹೋದಂತೆಯೇ ಶುಚಿಯಾಗಿ, ವಿಭೂತಿ ಧರಿಸಿ, ನೆಲದ ಮೇಲೆ ಆಸನ ಹಾಕಿ ಕೂಡಬೇಕು. ತರಕಾರಿ ಹೆಚ್ಚುತ್ತ, ಲೆಕ್ಕ ಬರೆಯುತ್ತ ಕೇಳಿದ ಪ್ರವಚನವು ಕಿವಿಯನ್ನು ದಾಟಿ ಒಳಗಿಳಿಯದು. ಮನೆಯವರೆಲ್ಲ ಒಂದೆಡೆ ಕುಳಿತು ಕೇಳಿ, ಮುಗಿದ ಮೇಲೆ ಕೇಳಿದುದನ್ನು ಪರಸ್ಪರ ವಿಚಾರಿಸಿಕೊಂಡರೆ ಆ ಮನೆಯೇ ಒಂದು ಚಿಕ್ಕ ಮಂಟಪವಾಗುತ್ತದೆ.

ಎರಡು, ಬರಬಲ್ಲವರು ವಾರಕ್ಕೊಮ್ಮೆ, ಆಗದಿದ್ದರೆ ತಿಂಗಳಿಗೊಮ್ಮೆಯಾದರೂ ಗೋಷ್ಠಿಗೆ ಮಕ್ಕಳನ್ನು ಕರೆದುಕೊಂಡು ಬರಬೇಕು. ಹಿರಿಯರಿಗೆ ಶರಣೆನ್ನುವುದನ್ನೂ ಸಾಲಿನಲ್ಲಿ ಕುಳಿತು ಪ್ರಸಾದ ಸ್ವೀಕರಿಸುವುದನ್ನೂ ಮಕ್ಕಳು ನೋಡಿ ಕಲಿಯುತ್ತಾರೆ. ಹೇಳಿದ ಮಾತ್ರಕ್ಕೆ ಕಲಿಯುವುದಿಲ್ಲ.

ಮೂರು, ಬರಲಾರದವರ ಬಳಿಗೆ ಬಂದವರು ಹೋಗಬೇಕು. ಗೋಷ್ಠಿ ಮುಗಿದೊಡನೆ ಆ ದಿನ ಬಾರದವರನ್ನು ನೆನೆದು, ಸಮೀಪದಲ್ಲಿರುವವರೊಬ್ಬರು ಅವರ ಮನೆಗೆ ಪ್ರಸಾದವನ್ನು ಮುಟ್ಟಿಸುವ ಏರ್ಪಾಡು ಪ್ರತಿ ಊರಿನಲ್ಲಿಯೂ ಇರತಕ್ಕುದು. ಹಾಸಿಗೆ ಹಿಡಿದ ಭಕ್ತನಿಗೆ ಮೊಬೈಲಿನಲ್ಲಿ ಪ್ರವಚನವನ್ನು ಕಳುಹಿಸಿ ಕರ್ತವ್ಯವು ತೀರಿತೆಂದು ತಿಳಿಯುವುದು ಭಕ್ತಸಮುದಾಯಕ್ಕೆ ಶೋಭಿಸದು.

ನಾಲ್ಕು, ಮಠದವರೂ ಪರದೆಯ ಮೇಲಿನ ಎಣಿಕೆಯನ್ನು ಕಂಡು ತೃಪ್ತಿಪಡಬಾರದು. ಸಾವಿರ ಜನರು ಕೇಳಿದರೆಂಬುದಕ್ಕಿಂತ ಹತ್ತು ಜನರು ಬಂದು ಕುಳಿತು ತಮ್ಮ ಸಂಶಯವನ್ನು ಬಾಯಿಬಿಟ್ಟು ಕೇಳಿದರೆಂಬುದು ಹೆಚ್ಚಿನ ಸಂಗತಿ. ಜಂಗಮಮೂರ್ತಿಗಳು ಮನೆಬಾಗಿಲಿಗೆ ಬರುವ ಪದ್ಧತಿಯು ಎಲ್ಲೆಲ್ಲಿ ನಿಂತಿದೆಯೋ ಅಲ್ಲಲ್ಲಿ ಅದನ್ನು ಮತ್ತೆ ಊರ್ಜಿತಗೊಳಿಸುವುದು ಒಳ್ಳೆಯದು.

ಪ್ರಭುದೇವರು ಬಾಗಿಲಲ್ಲಿ ನಿಂತಿದ್ದರು. ಬಸವಣ್ಣನವರು ಪೂಜೆಯಿಂದ ಎದ್ದು ಬಂದರು. ಬಾಗಿಲವರೆಗಿನ ಆ ಕೆಲವು ಹೆಜ್ಜೆಗಳನ್ನು ಅವರು ಇಡದೆ ಇದ್ದಿದ್ದರೆ ಮಹಾಮನೆಯ ಗೋಷ್ಠಿಗೆ ಪ್ರಭುವಿನ ಸಾನ್ನಿಧ್ಯವು ದೊರೆಯುತ್ತಿರಲಿಲ್ಲ. ಗೃಹಸ್ಥನ ಮನೆಯಿಂದ ಗೋಷ್ಠಿಯವರೆಗೆ, ಗೋಷ್ಠಿಯಿಂದ ರೋಗಿಯ ಹಾಸಿಗೆಯವರೆಗೆ ಇರುವ ದಾರಿಯೂ ಕೆಲವು ಹೆಜ್ಜೆಗಳದೇ. ಶಕ್ತಿಯಿದ್ದಷ್ಟು ಕಾಲ ಆ ಹೆಜ್ಜೆಗಳನ್ನು ಇಡುವ ಸದ್ಬುದ್ಧಿಯು ಸರ್ವ ಸದ್ಭಕ್ತರಿಗೂ ಉಂಟಾಗಲಿ. ಶರಣು ಶರಣಾರ್ಥಿ.